ಇಲ್ಲದ ಕಾರ್ಡಿನ ಬಾಡಿಗೆ

ಮಾರ್ಚ್ 12, ಬುಧವಾರ

ಎಲ್ಲೂರಿನಿಂದ ಫೋನ್ ಬಂದಿತ್ತು. ದೇವಸ್ಥಾನದ ಧಾರ್ಮಿಕ ಸಭೆಯ ನಿರೂಪಣೆಗೆ ಈ ಸಲವೂ ನಾನೇ ಆಗಬೇಕಂತೆ. ಮೊಬೈಲನ್ನು ಇವರ ಕೈಗೆ ಕೊಟ್ಟೆ. "ಇಲ್ಲ, ಹರಿಪ್ರಿಯಾಳಿಗೆ ಥೈರಾಯ್ಡ್ ಆಪರೇಷನ್ ಆಗಿದೆ. ಸ್ವರ ಇನ್ನೂ ಬರ್ಲಿಲ್ಲ" ಎಂದು ಇವರು ಹೇಳಿದಾಗ ಆ ಕಡೆಯವರು "ಅಯ್ಯೋ, ಎಂಥ ಸ್ವರ ಅದು!" ಎಂದದ್ದು ನನಗೂ ಕೇಳಿಸಿತು. ತೀರಿಕೊಂಡವರ ಬಗ್ಗೆ ಹೇಳುವ ಹಾಗಿತ್ತು.

ಕಾಪುವಿನ ಶಾಲೆಯಲ್ಲಿ ಕನ್ನಡ ಪಾಠ, ರಜೆಯ ದಿನ ಸಭೆಗಳ ನಿರೂಪಣೆ. ಕಾರ್ಕಳದಿಂದ ಸಂತೆಕಟ್ಟೆಯವರೆಗೆ ಎಲ್ಲಿ ಮೈಕು ಕಟ್ಟಿದರೂ ನನ್ನನ್ನು ಕರೆಯುತ್ತಿದ್ದರು. ಈಗ ಬಾಯಿ ತೆರೆದರೆ ಬರುವುದು ದಪ್ಪನೆಯ ಒಡಕು ಸದ್ದು, ಅರ್ಧ ಬರೀ ಗಾಳಿ. ಸ್ವರತಂತುವಿನ ನರ ಒಂದು ಕಡೆ ಸೋತಿದೆಯಂತೆ. ಆರು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮಣಿಪಾಲದಲ್ಲಿ ಸ್ವರದ ವ್ಯಾಯಾಮ ಕಲಿಸುವ ರೇಚಲ್, "ದಿನಾ ಸ್ವಲ್ಪ ಮಾತಾಡಿ ಮೇಡಂ, ಯಾರ ಹತ್ತಿರ ಆದ್ರೂ" ಎನ್ನುತ್ತಾಳೆ. ನಾನು ಯಾರ ಹತ್ತಿರವೂ ಮಾತನಾಡುವುದಿಲ್ಲ. ಇವರಿಗೆ ಹೇಳಬೇಕಾದ್ದನ್ನೂ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ.

ಸಂಜೆ ಬ್ಯಾಂಕಿನಿಂದ ಸಂದೇಶ. ನಿಮ್ಮ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ, ತೆರಿಗೆ ಸೇರಿ ಸಾವಿರದ ಏಳುನೂರು ಚಿಲ್ಲರೆ. ಆ ಕಾರ್ಡನ್ನು ನಾನು ಡಿಸೆಂಬರಿನಲ್ಲೇ ಮುಚ್ಚಿಸಿದ್ದೇನೆ! ವಾಷಿಂಗ್ ಮೆಷಿನ್ ಕೊಳ್ಳುವಾಗ ಅಂಗಡಿಯಲ್ಲೇ ಕುಳಿತಿದ್ದವನೊಬ್ಬ ಮೊದಲ ವರ್ಷ ಉಚಿತ ಎಂದು ಕೊಡಿಸಿದ್ದ. ಕಂತು ಮುಗಿದ ಕೂಡಲೇ ಫೋನ್ ಮಾಡಿ ಬೇಡ ಎಂದಿದ್ದೆ. ಮುಚ್ಚಿದ್ದೇನೆ ಮೇಡಂ ಎಂದು ಆ ಕಡೆಯ ಹುಡುಗಿ ಹೇಳಿದ್ದಳು. ಕತ್ತರಿಯಲ್ಲಿ ತುಂಡು ಮಾಡಿ ಬಿಸಾಡಿಯೂ ಆಗಿದೆ.

"ಕಟ್ಟಿಬಿಡುವ ಮಾರಾಯ್ತಿ. ಈಗ ಯಾಕೆ ಇಲ್ಲದ ತಲೆಬಿಸಿ?" ಎಂದರು ಇವರು. ತಲೆಯಾಡಿಸಿದೆ. ಈಗ ನನಗೆ ಸುಲಭವಾಗಿ ಬರುವುದು ಅದೊಂದೇ.

ಶುಕ್ರವಾರ ಕಾರ್ಕಳದಿಂದ ರಮಾಮಣಿ ಅತ್ತಿಗೆ ಬರುತ್ತಾರಂತೆ, ನನ್ನನ್ನು ನೋಡಿಕೊಳ್ಳಲು. ಇವರ ಅಕ್ಕ. ಕಾಲೇಜು ಹುಡುಗಿಯರಿಗೆ ರೂಮು ಕೊಟ್ಟು ಮೂವತ್ತು ವರ್ಷ ಮೆಸ್ ನಡೆಸಿದವರು. ಒಂದು ಚಮಚ ಎಣ್ಣೆ ಹೆಚ್ಚಾದರೂ ಅವರಿಗೆ ಗೊತ್ತಾಗುತ್ತದೆ. ನನ್ನ ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಿಸುವುದು ಖಂಡಿತ.

ಮಾರ್ಚ್ 14, ಶುಕ್ರವಾರ

ಬಂದರು. ಮಂಡಿ ನೋವಿದ್ದರೂ ಕಡಿಯಾಳಿಯಲ್ಲಿ ಬಸ್ಸಿಳಿದು ಎರಡು ಚೀಲ ಹೊತ್ತು ನಡೆದೇ ಬಂದಿದ್ದಾರೆ. "ರಿಕ್ಷಾ ಮಾಡ್ಲಿಕ್ಕೆ ಎಂತ ಆಗಿತ್ತು ಅಕ್ಕ?" ಎಂದು ಇವರು ಗದರಿದರೆ, "ರಿಕ್ಷಾದವನಿಗೆ ಕೊಡುವುದನ್ನು ಹಲಸಿನಕಾಯಿಗೆ ಕೊಟ್ಟೆ" ಎಂದರು. ಡಬ್ಬಗಳು ಮಧ್ಯಾಹ್ನದೊಳಗೇ ಜಾಗ ಬದಲಿಸಿದವು.

ಊಟಕ್ಕೆ ಒಂದೆಲಗದ ತಂಬುಳಿ ಮಾಡಿದ್ದರು, ನುಂಗಲು ಸುಲಭವಾಗಲೆಂದು. ಊಟದ ನಡುವೆ ಇವರು ಬ್ಯಾಂಕಿನ ವಿಷಯ ಎತ್ತಿದರು. ಅತ್ತಿಗೆ ಕೈ ತೊಳೆದು ಬಂದು, ಕನ್ನಡಕ ಹಾಕಿ ಆ ಸಂದೇಶವನ್ನು ಎರಡು ಸಲ ಓದಿದರು.

"ಕಾರ್ಡು ಉಂಟಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮತ್ತೆ ಇದು ಎಂತದು? ಇಲ್ಲದ ಕಾರ್ಡಿನ ಬಾಡಿಗೆಯಾ? ನನ್ನ ಮೆಸ್ಸಿನಲ್ಲಿ ರೂಮು ಬಿಟ್ಟು ಹೋದ ಹುಡುಗಿಯ ಹತ್ತಿರ ನಾನು ಮುಂದಿನ ವರ್ಷದ ಬಾಡಿಗೆ ಕೇಳಿದ್ರೆ, ಅವಳ ಅಪ್ಪ ನನ್ನನ್ನು ಸುಮ್ಮನೆ ಬಿಡ್ತಿದ್ದನಾ?"

ಅತ್ತಿಗೆಯ ತುಳು ಮಾತನ್ನು ಕನ್ನಡದಲ್ಲಿ ಬರೆದರೆ ಅದರ ಖಾರ ಅರ್ಧ ಇಳಿದುಬಿಡುತ್ತದೆ. ಇವರು ನಕ್ಕರು. ನಾನೂ.

ಮಾರ್ಚ್ 17, ಸೋಮವಾರ

ಅತ್ತಿಗೆ ದೇವಸ್ಥಾನಕ್ಕೆ ಹೋಗಿದ್ದಾಗ ಬಾಗಿಲು ಹಾಕಿಕೊಂಡು ಬ್ಯಾಂಕಿಗೆ ಫೋನ್ ಮಾಡಿದೆ. ಮೊದಲೇ ಅಭ್ಯಾಸ ಮಾಡಿಕೊಂಡಿದ್ದೆ. ಹೆಸರು, ಹುಟ್ಟಿದ ದಿನ, ಕಾರ್ಡು ಮುಚ್ಚಿಸಿದ ವಿಷಯ.

ಒಬ್ಬ ಹುಡುಗ ಎತ್ತಿದ. ನನ್ನ ಹೆಸರು ಹೇಳಿದೆ.

"ಸರ್, ಹರಿಪ್ರಿಯಾ ಅವರ ಜೊತೆಗೇ ಮಾತನಾಡಬೇಕು. ಫೋನನ್ನು ಮೇಡಂಗೆ ಕೊಡಿ."

ನಾನೇ ಹರಿಪ್ರಿಯಾ ಎಂದೆ. ಅವನು ಬಹಳ ಮರ್ಯಾದೆಯಿಂದ, "ಸರ್, ಬೇರೆಯವರ ಹೆಸರಿನಲ್ಲಿ ಮಾತನಾಡುವುದು ತಪ್ಪಾಗುತ್ತದೆ" ಎಂದ.

ಇಟ್ಟುಬಿಟ್ಟೆ.

ಮಾರ್ಚ್ 18, ಮಂಗಳವಾರ

ಬರೆಯಲು ಮನಸ್ಸಿಲ್ಲ.

ಮಾರ್ಚ್ 20, ಗುರುವಾರ

ಅತ್ತಿಗೆಗೆ ಹೇಗೋ ಗೊತ್ತಾಗಿದೆ. ಎರಡು ದಿನ ನಾನು ಊಟ ಸರಿಯಾಗಿ ಮಾಡದ್ದರಿಂದಲೇ ಇರಬೇಕು. ಏನಾಯಿತು ಎಂದು ಕೇಳಿದರು. ಟೈಪ್ ಮಾಡಿ ತೋರಿಸಹೋದರೆ, "ಕನ್ನಡಕ ಇಲ್ಲ, ಬಾಯಲ್ಲಿ ಹೇಳು" ಎಂದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಹೇಳಿದೆ. ಪೂರ್ತಿ ಹೇಳಿ ಮುಗಿಸುವವರೆಗೂ ಕಾದರು.

ಪಾಪ ಎನ್ನಲಿಲ್ಲ. ನಿನ್ನ ಸ್ವರ ಚೆನ್ನಾಗಿಯೇ ಉಂಟು ಎಂದು ಸುಳ್ಳೂ ಹೇಳಲಿಲ್ಲ. "ಅವನಿಗೆ ಕೇಳಿದ್ದು ಹಾಗೆ. ಅವನು ನಿನ್ನನ್ನು ನೋಡಿದ್ದಾನಾ? ತಾ ಆ ಫೋನು" ಎಂದರು.

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು. ಆ ಕಡೆಯ ಸಂಗೀತ ಮುಗಿಯುವಷ್ಟರಲ್ಲಿ ಅತ್ತಿಗೆ ಬೀನ್ಸ್ ಎಲ್ಲ ನಾರು ತೆಗೆದು ಮುಗಿಸಿದ್ದರು. ಈ ಸಲ ಎತ್ತಿದವಳು ಒಬ್ಬ ಹೆಂಗಸು, ಹೆಸರು ಶರಣಮ್ಮ. ನಾನು ಹೆಸರು ಹೇಳಿದೆ. "ಸರ್..." ಎಂದು ಅವಳು ಶುರುಮಾಡುವಷ್ಟರಲ್ಲಿ ಅತ್ತಿಗೆ ಫೋನಿನ ಕಡೆ ಬಾಗಿದರು.

"ಮಗಾ, ಅವಳು ಮೇಡಮ್ಮೇ. ಗಂಟಲಿಗೆ ಆಪರೇಷನ್ ಆಗಿದೆ. ನೀನು ಕಿವಿಯನ್ನು ಸ್ವಲ್ಪ ಹತ್ತಿರ ಇಡು, ಅವಳು ನಿಧಾನಕ್ಕೆ ಹೇಳ್ತಾಳೆ. ನಿನ್ನ ಊಟ ಆಯ್ತಾ?"

"ಇನ್ನೂ ಇಲ್ರಿ ಅಮ್ಮಾ" ಎಂದಳು ಶರಣಮ್ಮ. ಆಮೇಲೆ ನಕ್ಕು, ಮತ್ತೆ ಕೆಲಸದ ಧ್ವನಿ ತಂದುಕೊಂಡು, "ಹೇಳ್ರಿ ಮೇಡಂ, ಹುಟ್ಟಿದ ದಿನಾಂಕ?" ಎಂದಳು.

ಹುಟ್ಟಿದ ದಿನವನ್ನು ಎರಡು ಸಲ ಹೇಳಬೇಕಾಯಿತು, ತಾಯಿಯ ಹೆಸರನ್ನೂ. ಪ್ರತಿ ಸಲ ಅತ್ತಿಗೆಯ ಮುಖ ನೋಡಿದೆ. ಅವರು ಬೀನ್ಸ್ ಕತ್ತರಿಸುತ್ತಲೇ ಇದ್ದರು. ಕೊನೆಗೆ ಶರಣಮ್ಮ ದೂರು ಬರೆದುಕೊಂಡಳು. ಕೆಲವು ದಿನಗಳಲ್ಲಿ ಉತ್ತರ ಬರುತ್ತದಂತೆ. ಇಡುವ ಮೊದಲು ಅತ್ತಿಗೆ ಅವಳಿಗೆ, "ಮೊದಲು ಊಟ ಮಾಡು" ಎಂದರು.

ಫೋನಿನಲ್ಲಿ ಜಗಳವಾಡುವವರನ್ನು ನೋಡಿದ್ದೇನೆ, ಗೋಗರೆಯುವವರನ್ನೂ ನೋಡಿದ್ದೇನೆ. ಅತ್ತಿಗೆ ಎರಡೂ ಮಾಡಲಿಲ್ಲ. ಮೆಸ್ಸಿನ ಹುಡುಗಿಯೊಬ್ಬಳ ಹತ್ತಿರ ಮಾತನಾಡಿದ ಹಾಗೆ ಮಾತನಾಡಿದರು. ಆದರೆ ಹಿಡಿದ ವಿಷಯವನ್ನು ಒಂದು ಕ್ಷಣವೂ ಬಿಡಲಿಲ್ಲ.

ಮಾರ್ಚ್ 29, ಶನಿವಾರ

ಉತ್ತರ ಬಂತು. 'ಗ್ರಾಹಕರು ಕಾರ್ಡು ಮುಂದುವರಿಸಲು ಒಪ್ಪಿರುತ್ತಾರೆ. ಕರೆಯ ಧ್ವನಿಮುದ್ರಣ ಲಭ್ಯವಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.' ಕೆಳಗೆ ಹೊಸ ಬಾಕಿ. ತಡವಾದದ್ದಕ್ಕೆ ದಂಡವೂ ಸೇರಿದೆ.

ನಾನು ಯಾವಾಗ ಒಪ್ಪಿದೆ? ಇವರು ಮತ್ತೆ, "ಕಟ್ಟಿ ಮುಗಿಸುವ" ಎಂದರು. ಒಳ್ಳೆಯವರು. ನನಗೆ ನೋವಾಗಬಾರದೆಂದೇ ಹೇಳಿದ್ದು. ಆದರೆ ಅವರು ಹಾಗೆಂದಾಗ ಸಿಟ್ಟು ಬಂತು. ಕಟ್ಟಿದರೆ ಕಾರ್ಡು ಇದೆ ಎಂದು ನಾವೇ ಒಪ್ಪಿದ ಹಾಗಾಗುತ್ತದೆ, ಬರುವ ವರ್ಷವೂ ಕೇಳುತ್ತಾರೆ ಎಂದೆ. ಟೈಪ್ ಮಾಡುವಷ್ಟು ತಾಳ್ಮೆ ಇರಲಿಲ್ಲ.

"ಹಾಗೆ ಹೇಳು" ಎಂದರು ಅತ್ತಿಗೆ ಅಡುಗೆಮನೆಯಿಂದ.

ಏಪ್ರಿಲ್ 3, ಗುರುವಾರ

ಬ್ಯಾಂಕಿನ ಮೇಲಿನ ಅಧಿಕಾರಿಗೆ ಇ-ಮೇಲ್ ಬರೆದೆ. ಇದಾದರೂ ನನಗೆ ಬರುವ ವಿದ್ಯೆ. ಅತ್ತಿಗೆಗೆ ಓದಿ ಹೇಳಿದೆ. 'ಮಾನ್ಯರೇ, ತಮ್ಮ ಅಮೂಲ್ಯ ಸಮಯದಲ್ಲಿ...' ಎಂದು ಶುರುವಾಗಿ ಒಂದು ಪುಟ.

"ಚಂದ ಉಂಟು. ನಿನಗೆ ಎಂತ ಬೇಕು ಅಂತ ಎಲ್ಲಿ ಬರ್ದಿದ್ದಿ?"

ಹುಡುಕಿದೆ. ಕೊನೆಯ ಸಾಲಿನ ಅರ್ಧದಲ್ಲಿ ಇತ್ತು.

ಅದನ್ನು ಮೇಲೆ ತಂದೆವು. ಡಿಸೆಂಬರಿನಲ್ಲಿ ಕಾರ್ಡು ಮುಚ್ಚಿಸಿದ್ದೇನೆ. ಶುಲ್ಕ, ದಂಡ ಎರಡನ್ನೂ ತೆಗೆಯಬೇಕು. ಆ ಧ್ವನಿಮುದ್ರಣವನ್ನು ನನಗೆ ಕೇಳಿಸಬೇಕು. ಇಲ್ಲವಾದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ದೂರು ಕೊಡುತ್ತೇನೆ. ಬೇರೇನೂ ಉಳಿಯಲಿಲ್ಲ. ಇಷ್ಟು ಬೋಳಾದ ಪತ್ರವನ್ನು ನಾನು ಬದುಕಿನಲ್ಲಿ ಬರೆದಿರಲಿಲ್ಲ. ಕಳುಹಿಸಿದ ಮೇಲೆ ಮರ್ಯಾದೆ ಕಡಿಮೆಯಾಯಿತೇನೋ ಎಂದು ಸಂಜೆಯವರೆಗೂ ಕಸಿವಿಸಿ.

ಏಪ್ರಿಲ್ 8, ಮಂಗಳವಾರ

ಮಣಿಪಾಲಕ್ಕೆ ಹೋಗಿದ್ದೆ. ರೇಚಲ್ 'ಆ' ಎಂದು ಎಳೆಯಲು ಹೇಳಿ, ಗಡಿಯಾರ ನೋಡಿ, ಹುಬ್ಬೇರಿಸಿದಳು. "ಮೊದಲಿಗಿಂತ ಉದ್ದ ಬಂತಲ್ಲ! ಮನೆಯಲ್ಲಿ ಎಂತ ಮಾಡ್ತಿದ್ದೀರಿ?"

ಏನೂ ಇಲ್ಲ ಎಂದೆ. ಬ್ಯಾಂಕಿನವರ ಹತ್ತಿರ ಮಾತನಾಡುವುದು ಬಿಟ್ಟರೆ ನಿಜವಾಗಿ ಏನೂ ಇಲ್ಲ.

ಏಪ್ರಿಲ್ 15, ಮಂಗಳವಾರ

ನಿನ್ನೆ ವಿಷು, ನಮ್ಮ ಹೊಸ ವರ್ಷ. ಅತ್ತಿಗೆ ದೇವರ ಮುಂದೆ ಹಣ್ಣು, ಹೂ, ಕನ್ನಡಿಯ ಕಣಿ ಇಟ್ಟಿದ್ದರು. ಕಡುಬು, ಪಾಯಸ. ಬಹಳ ದಿನಗಳ ನಂತರ ಮನೆ ಮನೆಯ ಹಾಗಿತ್ತು. ಅದರ ಬಗ್ಗೆ ಬರೆಯಬೇಕೆಂದಿದ್ದೆ.

ಇವತ್ತು ಮುಖ್ಯೋಪಾಧ್ಯಾಯರು ಬಂದಿದ್ದರು, ಗುರುಪ್ರಸಾದ್ ಸರ್. ಹಣ್ಣು ತಂದಿದ್ದರು. ಕುಳಿತು, ಬೆವರೊರೆಸಿಕೊಂಡು, ಬಿಸಿಲಿನ ಬಗ್ಗೆ ಮಾತನಾಡಿ, ಕೊನೆಗೆ ಹೇಳಿದರು. ಬ್ಯಾಂಕಿನ ವಸೂಲಿಯವರು ಶಾಲೆಗೆ ಫೋನ್ ಮಾಡಿದ್ದಾರೆ. ಒಮ್ಮೆಯಲ್ಲ. 'ನಿಮ್ಮ ಟೀಚರ್ ಸಾಲ ಕಟ್ಟುತ್ತಿಲ್ಲ, ಹೇಳಿ' ಎಂದು. ಆಫೀಸಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡಿದ್ದಾರೆ.

"ನಿಮಗೆ ಕಷ್ಟ ಇದ್ರೆ ನಾವೆಲ್ಲ ಇದ್ದೇವೆ ಮೇಡಂ. ಸಂಕೋಚ ಮಾಡ್ಬೇಡಿ."

ಕಷ್ಟವಿಲ್ಲ, ಬ್ಯಾಂಕಿನ ತಪ್ಪು ಎಂದು ಹೇಳಲು ಹೋದೆ. ಸ್ವರ ಒಡೆದು ಅರ್ಧಕ್ಕೇ ನಿಂತಿತು. ಅವರು ಕಣ್ಣು ತಗ್ಗಿಸಿದರು. ಆಮೇಲೆ ಬಹಳ ಮೃದುವಾಗಿ ಇನ್ನೊಂದು ಮಾತು. ಜೂನ್‌ನಿಂದ ತರಗತಿ ಬೇಡ, ಆಫೀಸಿನ ಕೆಲಸ ನೋಡಿಕೊಳ್ಳಬಹುದು, ಕನ್ನಡಕ್ಕೆ ಬೇರೆಯವರನ್ನು ನೋಡಿದ್ದೇವೆ. "ನಿಮಗೆ ವಿಶ್ರಾಂತಿ ಆಗ್ಲಿ ಅಂತ, ಅಷ್ಟೆ."

ಉಪಕಾರವಾಯಿತು ಸರ್ ಎಂದೆ. ಯಾಕೆ ಹಾಗೆಂದೆ?

ಏಪ್ರಿಲ್ 16, ಬುಧವಾರ

ಬೆಳಿಗ್ಗೆಯಿಂದ ಹಲಸಿನಕಾಯಿ ಹಪ್ಪಳ. ಅತ್ತಿಗೆ ಬೇಯಿಸಿದ ತೊಳೆ ರುಬ್ಬಿ ಉಂಡೆ ಮಾಡಿ ಕೊಡುತ್ತಿದ್ದರು, ನಾನು ತಟ್ಟುತ್ತಿದ್ದೆ. ನಿನ್ನೆಯ ವಿಷಯ ಅವರು ಎತ್ತಲಿಲ್ಲ. ನಾನೇ ಎತ್ತಿದೆ. ಬಿಟ್ಟುಬಿಡುವ ಅತ್ತಿಗೆ, ಕಟ್ಟಿಬಿಡುತ್ತೇನೆ, ಶಾಲೆಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ ಎಂದೆ.

ಅತ್ತಿಗೆ ಉಂಡೆ ಕಟ್ಟುವುದನ್ನು ನಿಲ್ಲಿಸಿದರು.

"ನನ್ನ ಗಂಡ ತೀರಿಕೊಂಡ ಮೇಲೆ ಮೆಸ್ಸು ಶುರು ಮಾಡಿದೆ, ಅಲ್ವಾ? ಹೆಂಗಸು ಒಬ್ಬಳೇ ಇರುವ ಮನೆಗೆ ಮಕ್ಕಳನ್ನು ಕಳಿಸ್ಬೇಡಿ ಅಂತ ಕಾರ್ಕಳದಲ್ಲಿ ಒಬ್ಬರು ಹೇಳಿಕೊಂಡು ಬಂದ್ರು. ನಾನು ಅವರ ಮನೆಗೆ ಹೋದೆ. ಜಗಳಕ್ಕಲ್ಲ. ಚಾವಡಿಯಲ್ಲಿ ಕುಳಿತು ಹೇಳಿದೆ, ನೀವು ಹೇಳಿದ್ದು ನನಗೆ ಕೇಳಿತು, ಅದು ಸರಿಯಲ್ಲ, ನೀವು ಯಾರ್ಯಾರ ಹತ್ತಿರ ಹೇಳಿದ್ದೀರೋ ಅವರ ಹತ್ತಿರ ಹೋಗಿ ಸರಿಯಲ್ಲ ಅಂತ ಹೇಳಿ, ಅಲ್ಲಿವರೆಗೆ ನಾನು ದಿನಾ ಬಂದು ಇಲ್ಲಿ ಕುಳಿತುಕೊಳ್ತೇನೆ ಅಂತ."

"ಮತ್ತೆ?"

"ಮತ್ತೆ ಎಂತ? ದಿನಾ ಹೋದೆ. ಕಾಫಿ ಕೊಡ್ತಿದ್ರು, ಕುಡಿದು ಬರ್ತಿದ್ದೆ. ಕಡೆಗೆ ಅವರೇ ಹೋಗಿ ಹೇಳಿದ್ರು. ಅವರ ಮೊಮ್ಮಗಳು ನನ್ನ ಮೆಸ್ಸಿನಲ್ಲೇ ಊಟ ಮಾಡಿ ಡಿಗ್ರಿ ಮುಗಿಸಿದ್ದು." ಉಂಡೆಯನ್ನು ನನ್ನ ಕಡೆ ತಳ್ಳಿದರು. "ತಟ್ಟು. ಬಿಸಿಲು ಹೋಗ್ತದೆ."

ಈ ಕಥೆಯನ್ನು ಇವರೂ ನನಗೆ ಯಾವತ್ತೂ ಹೇಳಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷ ನಾನು ಅತ್ತಿಗೆಯಲ್ಲಿ ಕಂಡದ್ದು ಎಣ್ಣೆಯ ಚಮಚವನ್ನು ಮಾತ್ರ.

ಏಪ್ರಿಲ್ 24, ಗುರುವಾರ

ಬ್ಯಾಂಕಿನ ಮೇಲಿನ ಕಚೇರಿಯಿಂದ ಫೋನ್. ಮಂಗಳವಾರ ಮಣಿಪಾಲದ ಶಾಖೆಗೆ ಬರಬೇಕು, ಮ್ಯಾನೇಜರು ಧ್ವನಿಮುದ್ರಣ ಕೇಳಿಸುತ್ತಾರೆ.

ಅಂದರೆ ನನ್ನ ಸ್ವರ. ಹಳೆಯದು. ಆಪರೇಷನ್ ನಂತರ ನಾನು ಸಭೆಗಳ ವಿಡಿಯೋ ಒಂದನ್ನೂ ತೆರೆದಿಲ್ಲ. ಯಾರಾದರೂ ಕಳುಹಿಸಿದರೆ ಅಳಿಸಿಬಿಡುತ್ತೇನೆ. ಅದನ್ನು ಈಗ ಗುರುತಿಲ್ಲದವರ ಎದುರು ಕುಳಿತು ಕೇಳಬೇಕು.

ನಾನೇ ಕೇಳಿಸಿ ಎಂದು ಬರೆದದ್ದು. ಬರೆಯುವಾಗ ಇದು ಹೊಳೆದಿರಲಿಲ್ಲ.

ಏಪ್ರಿಲ್ 29, ಮಂಗಳವಾರ

ಶಾಖೆ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಅತ್ತಿಗೆ ಮೆಟ್ಟಿಲು ನೋಡಿದರು, ಮಂಡಿ ನೋಡಿಕೊಂಡರು. "ನಾನು ಇಲ್ಲಿ ಕಬ್ಬಿನ ಹಾಲು ಕುಡೀತಾ ಕುಳಿತಿರ್ತೇನೆ. ನೀನು ಹೋಗಿ ಬಾ" ಎಂದು ಕೆಳಗಿನ ಅಂಗಡಿಯ ಬೆಂಚಿನಲ್ಲಿ ಕುಳಿತೇಬಿಟ್ಟರು. ಅವರು ಕೆಳಗೆ ಇದ್ದಾರೆಂಬ ಧೈರ್ಯದಿಂದ ಹತ್ತಿದೆ.

ಮ್ಯಾನೇಜರು ವಿಷ್ಣುಮೂರ್ತಿ ಎಂಬವರು, ನನ್ನದೇ ವಯಸ್ಸು. ಆಧಾರ್ ನೋಡಿ, ನನ್ನ ಮಾತು ಕೇಳಿ, "ಮೇಡಂ, ತಪ್ಪು ತಿಳ್ಕೊಳ್ಬೇಡಿ, ರೆಕಾರ್ಡಿನಲ್ಲಿ ಇರುವ ಸ್ವರ ಬೇರೆಯೇ ಉಂಟಲ್ಲ?" ಎಂದರು. ಕತ್ತಿನ ಶಾಲು ಸರಿಸಿ ಗಾಯದ ಗುರುತು ತೋರಿಸಿದೆ. ಅವರು ಕಂಪ್ಯೂಟರಿನ ಕಡೆ ತಿರುಗಿದರು.

'ನಮಸ್ತೆ, ನಾನು ಹರಿಪ್ರಿಯಾ ಮಾತನಾಡುತ್ತಿದ್ದೇನೆ.'

ಎಷ್ಟು ತಿಳಿಯಾಗಿತ್ತು! ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಅಳು ಬರುತ್ತದೆಂದು ಕರವಸ್ತ್ರ ಕೈಯಲ್ಲೇ ಹಿಡಿದಿದ್ದೆ.

ಕಾರ್ಡು ಯಾಕೆ ಬೇಡ ಎಂದು ಆ ಹುಡುಗಿ ಕೇಳುತ್ತಾಳೆ. 'ಕ್ಷಮಿಸಿ, ನನಗೆ ಅಷ್ಟು ಬಳಕೆ ಇಲ್ಲ. ದಯವಿಟ್ಟು ಬೇಸರ ಮಾಡಬೇಡಿ' ಎನ್ನುತ್ತೇನೆ ನಾನು. ಇನ್ನೊಂದು ವರ್ಷ ಇಟ್ಟುಕೊಂಡರೆ ಉಡುಗೊರೆಯ ಕೂಪನ್ ಕೊಡುತ್ತೇವೆ ಎನ್ನುತ್ತಾಳೆ. 'ಓಹ್, ತುಂಬಾ ಸಂತೋಷ. ಬಹಳ ಉಪಕಾರವಾಯಿತು.'

ಮ್ಯಾನೇಜರು ಅಲ್ಲಿಗೆ ನಿಲ್ಲಿಸಿದರು. "ನೋಡಿ ಮೇಡಂ. ನೀವು ಒಪ್ಪಿ ಥ್ಯಾಂಕ್ಸ್ ಕೂಡ ಹೇಳಿದ್ದೀರಿ."

ಪರದೆಯ ಮೇಲಿನ ಗೆರೆ ಇನ್ನೂ ಅರ್ಧಕ್ಕೇ ಬಂದಿತ್ತು.

"ನಿಲ್ಲಿಸಬೇಡಿ. ಮುಂದೆ ಹಾಕಿ" ಎಂದೆ.

"ಮುಂದೆ ಎಂತ ಇರ್ಲಿಕ್ಕಿಲ್ಲ ಮೇಡಂ, ಮಾಮೂಲು..."

"ಹಾಕಿ ಸರ್. ಪೂರ್ತಿ."

ಕ್ಯಾಬಿನ್ನಿನ ಹೊರಗಿದ್ದವರು ತಿರುಗಿ ನೋಡಿದರು. ಅವರು ಹಾಕಿದರು.

'ಆದರೆ ಕಾರ್ಡು ಬೇಡವಾಗಿತ್ತು... ನಿಮಗೆ ತೊಂದರೆ ಇಲ್ಲದಿದ್ದರೆ ಮುಚ್ಚಿಬಿಡುತ್ತೀರಾ? ಕ್ಷಮಿಸಿ.' ಕೀಲಿ ಒತ್ತುವ ಸದ್ದು. 'ಸರಿ ಮೇಡಂ, ಮುಚ್ಚಿದ್ದೇನೆ. ಇನ್ನು ಯಾವ ಶುಲ್ಕವೂ ಬರುವುದಿಲ್ಲ.' 'ತುಂಬಾ ತುಂಬಾ ಧನ್ಯವಾದಗಳು, ನಿಮ್ಮ ಸಮಯ ತೆಗೆದುಕೊಂಡೆ.'

ಮ್ಯಾನೇಜರು ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಮುಖ ಕೆಂಪಾಗಿತ್ತು. "ಅವಳು ಮುಚ್ಚಿದ್ದು ದಾಖಲೆಗೇ ಸೇರಲಿಲ್ಲ. ದೂರು ಬಂದಾಗ ಯಾರೋ ಮೊದಲರ್ಧ ಮಾತ್ರ ಕೇಳಿ ಬರೆದಿದ್ದಾರೆ. ವಾರ್ಷಿಕ ಶುಲ್ಕ ನಾನೇ ತೆಗೆಸ್ತೇನೆ. ದಂಡ ಬೇರೆ ವಿಭಾಗ, ಅದನ್ನು ಅವರು..."

"ಎರಡೂ" ಎಂದೆ.

ಕನ್ನಡಕ ಮತ್ತೆ ಹಾಕಿಕೊಂಡು, "ಆಯ್ತು, ಎರಡೂ" ಎಂದರು.

"ನನ್ನ ಶಾಲೆಗೆ ಫೋನ್ ಮಾಡಿ ನಾನು ಸಾಲಗಾರಳೆಂದು ಹೇಳಿದ್ದೀರಿ. ಈಗ ಅಲ್ಲಿಗೇ ಫೋನ್ ಮಾಡಿ ಅಲ್ಲವೆಂದು ಹೇಳಬೇಕು."

"ಅಂಥ ಪದ್ಧತಿ ನಮ್ಮಲ್ಲಿ ಇಲ್ಲ ಮೇಡಂ."

"ಆವಾಗ ಫೋನ್ ಮಾಡುವ ಪದ್ಧತಿ ಇತ್ತಲ್ಲ?"

ಅವರು ನನ್ನನ್ನು ನೋಡಿದರು. ನಾನು ಕುರ್ಚಿಯಲ್ಲೇ ಕುಳಿತಿದ್ದೆ. ಅತ್ತಿಗೆ ದಿನಾ ಹೋಗಿ ಕುಳಿತ ಚಾವಡಿ ನೆನಪಾಗಿ, ಮ್ಯಾನೇಜರು ಒಪ್ಪುವವರೆಗೆ ಏಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಕೊನೆಗೆ ಅವರು ನಂಬರು ಕೇಳಿದರು. ಗುರುಪ್ರಸಾದ್ ಸರ್ ಎತ್ತಿದಾಗ, ತಪ್ಪು ಬ್ಯಾಂಕಿನದ್ದು, ನಿಮ್ಮ ಟೀಚರದ್ದು ಒಂದು ರೂಪಾಯಿಯೂ ಬಾಕಿ ಇರಲಿಲ್ಲ, ಕ್ಷಮೆ ಕೇಳುತ್ತೇವೆ ಎಂದು ಸ್ಪಷ್ಟವಾಗಿ ಹೇಳಿದರು. ಸ್ಪೀಕರಿನಲ್ಲೇ ಹೇಳಿದರು, ನಾನು ಕೇಳದೆಯೇ.

ಕೆಳಗಿಳಿದಾಗ ಅತ್ತಿಗೆ ಕಬ್ಬಿನ ಹಾಲಿನ ಅಂಗಡಿಯ ಹೆಂಗಸಿನ ಹತ್ತಿರ ಅವಳ ಮಗಳ ಹೆರಿಗೆಯ ವಿಷಯ ಮಾತನಾಡುತ್ತಿದ್ದರು. ನನ್ನ ಮುಖ ನೋಡಿ ಆಯಿತೆಂದು ಅವರಿಗೆ ಗೊತ್ತಾಯಿತು. ನನಗೂ ಒಂದು ಲೋಟ ಹೇಳಿದರು.

"ಕೇಳಿದೆಯಾ ನಿನ್ನ ಸ್ವರ? ಹೇಗಿತ್ತು?"

"ಬಹಳ ಚಂದ ಇತ್ತು" ಎಂದೆ. "ಆದರೆ ಎಲ್ಲದಕ್ಕೂ ಕ್ಷಮೆ ಕೇಳುತ್ತಿತ್ತು."

ಅತ್ತಿಗೆ ನಕ್ಕ ರಭಸಕ್ಕೆ ಕಬ್ಬಿನ ಹಾಲು ಸೀರೆಯ ಮೇಲೆ ಚೆಲ್ಲಿತು. ಬಸ್ಸಿನಲ್ಲಿ ನೋಡುತ್ತೇನೆ, ಕರವಸ್ತ್ರ ಮಡಿಕೆ ಬಿಚ್ಚದೆ ಕೈಯಲ್ಲೇ ಇದೆ.

ಮೇ 9, ಶುಕ್ರವಾರ

ಬ್ಯಾಂಕಿನಿಂದ ಬರೆದು ಬಂತು. ಕಾರ್ಡು ಡಿಸೆಂಬರಿನಿಂದಲೇ ಮುಚ್ಚಿದೆ, ಬಾಕಿ ಸೊನ್ನೆ. ಇವರು ಜೋರಾಗಿ ಓದಿ, "ನನ್ನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಎರಡು ಸಲ ಕಟ್ಟಿ ಆಗ್ತಿತ್ತು" ಎಂದು ತಮ್ಮನ್ನೇ ಬೈದುಕೊಂಡರು.

ಮೇ 11, ಭಾನುವಾರ

ಅತ್ತಿಗೆ ಹೊರಟರು. ಕಾರ್ಕಳದ ಮನೆ ಧೂಳು ಹಿಡಿದಿರುತ್ತದಂತೆ, ಬಾವಿ ಸ್ವಚ್ಛ ಮಾಡಿಸಬೇಕಂತೆ. ಬಲವಂತ ಮಾಡಿ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದೆವು. ಕಂಡಕ್ಟರನ ಹತ್ತಿರ, "ಅವರಿಗೆ ಮಂಡಿ ನೋವು, ಮುಂದಿನ ಸೀಟು ಬಿಡಿಸಿಕೊಡಿ" ಎಂದೆ. ಬಿಡಿಸಿಕೊಟ್ಟ.

ಈ ಗೆಲುವು ಪೂರ್ತಿ ಅತ್ತಿಗೆಯದ್ದು. ನಾನು ಅವರು ಹೇಳಿದಲ್ಲಿಗೆ ಹೋಗಿ ಕುಳಿತೆ, ಅಷ್ಟೇ. ಅಂಥ ಧೈರ್ಯ ಹುಟ್ಟಿನಿಂದಲೇ ಬರಬೇಕು. ಅಡುಗೆಮನೆಯ ಡಬ್ಬಗಳನ್ನು ಹಳೆಯ ಜಾಗಕ್ಕೆ ಇಡೋಣವೆಂದು ಹೋದೆ. ಹಳೆಯ ಜಾಗ ಯಾವುದೆಂದೇ ನೆನಪಾಗಲಿಲ್ಲ.

ಮೇ 23, ಶುಕ್ರವಾರ

ಕಾಪುವಿಗೆ ಹೋಗಿ ಗುರುಪ್ರಸಾದ್ ಸರ್ ಅವರನ್ನು ಕಂಡೆ. ಬ್ಯಾಂಕಿನ ವಿಷಯಕ್ಕೆ ಬಹಳ ನೊಂದುಕೊಂಡರು. ಆಫೀಸಿನಲ್ಲಿ ನನಗೆಂದು ಕಿಟಕಿಯ ಪಕ್ಕ ಮೇಜು ಹಾಕಿಸಿದ್ದರು, ಹೊಸ ಫ್ಯಾನೂ. ಒಳ್ಳೆಯ ಮೇಜು. ನನಗೆ ತರಗತಿ ಬೇಕು ಸರ್ ಎಂದೆ. ಸ್ವರ... ಎಂದು ರಾಗ ಎಳೆದರು. ಇರುವ ಸ್ವರದಲ್ಲೇ ಮಾಡುತ್ತೇನೆ, ಮಕ್ಕಳಿಗೆ ಅರ್ಥವಾಗದಿದ್ದರೆ ಆಗ ಹೇಳಿ ಎಂದೆ. ಒಂಬತ್ತನೆಯ ತರಗತಿ ಬರೆದುಕೊಟ್ಟರು.

ಬರುವಾಗ ಮಳೆ ಹನಿಯತೊಡಗಿತ್ತು. ಬಟ್ಟೆ ಒಣಗಲು ಹಾಕಿ ಬಂದಿದ್ದೆನೆಂಬುದು ಬಸ್ಸು ಅರ್ಧ ದಾರಿ ದಾಟಿದ ಮೇಲೆ ನೆನಪಾಯಿತು.

ಜೂನ್ 2, ಸೋಮವಾರ

ಮೊದಲ ಪಾಠ. ಹೊರಗೆ ಗಾಳಿ, ಸಮುದ್ರದ ಸದ್ದು, ಮೇಲೆ ಫ್ಯಾನು. ಸಂಧಿಯ ಪಾಠ ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಪಿಸುಪಿಸು. ಒಬ್ಬಳು ಎದ್ದು ನಿಂತು, "ಟೀಚರ್, ಕೇಳುದಿಲ್ಲ" ಎಂದಳು.

"ಇದಕ್ಕಿಂತ ಜೋರಾಗಿ ನನಗೆ ಬರುವುದಿಲ್ಲ" ಎಂದೆ. "ಕೇಳಬೇಕಾದವರು ಹತ್ತಿರ ಬನ್ನಿ."

ಒಂದು ಬೆಂಚು ಕಿರ್ರೆಂದಿತು. ಅದರ ಹಿಂದೆ ಇನ್ನೊಂದು. ಎಲ್ಲವೂ ಎಳೆದಾಡಿ ಮುಂದೆ ಬಂದು ನನ್ನ ಮೇಜಿಗೆ ತಾಗಿ ನಿಂತವು. ಮಕ್ಕಳು ಮೊಣಕೈ ಊರಿ, ಕತ್ತು ಮುಂದೆ ಚಾಚಿ ಕುಳಿತರು. ಫ್ಯಾನು ಆರಿಸಲೇ ಟೀಚರ್ ಎಂದು ಒಬ್ಬ ಕೇಳಿ, ಉತ್ತರಕ್ಕೆ ಕಾಯದೆ ಆರಿಸಿದ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ಕೇಳಲೆಂದು ಯಾರೂ ಬೆಂಚು ಎಳೆದುಕೊಂಡು ಬಂದದ್ದಿಲ್ಲ.

ಮನೆಗೆ ಬಂದ ಕೂಡಲೇ ಅತ್ತಿಗೆಗೆ ಫೋನ್ ಮಾಡಿದೆ. ಬೆಂಚಿನ ವಿಷಯ, ಫ್ಯಾನಿನ ವಿಷಯ, ಆ ಹುಡುಗಿ ಎದ್ದು ನಿಂತದ್ದು, ಊಟದ ಹೊತ್ತಿನಲ್ಲಿ ಗುರುಪ್ರಸಾದ್ ಸರ್ ಕಿಟಕಿಯಿಂದ ಇಣುಕಿದ್ದು, ಬಸ್ಸಿನಲ್ಲಿ ಸಿಕ್ಕಿದವರು, ಕಾಪುವಿನಲ್ಲಿ ಮೀನಿನ ಲಾರಿ ಅಡ್ಡ ನಿಂತದ್ದು, ಎಲ್ಲ ಹೇಳಿದೆ. ಅತ್ತಿಗೆ ಹೂಂ, ಹೂಂ ಎನ್ನುತ್ತಿದ್ದವರು ಥಟ್ಟನೆ ಅಯ್ಯಯ್ಯೋ ಎಂದರು.

"ಎಷ್ಟು ಮಾತಾಡ್ತಿ ಮಾರಾಯ್ತಿ! ನನ್ನ ಹಾಲು ಪೂರ ಉಕ್ಕಿ ಹೋಯ್ತು!"